ಮೂರನೇ ತಿರುವಿನ ನೀರುನಾಯಿ

ಇವರ ಬಗ್ಗೆ ಬರೆಯಲು ನನಗಿಂತ ಹತ್ತಿರದವರಿದ್ದಾರೆ. ಅವರು ಯಾರೂ ಬರೆಯಲಿಲ್ಲವೆಂದು ನಾನು ಧೈರ್ಯ ಮಾಡಿದ್ದೇನೆ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಮನ್ನಿಸಬೇಕು.

ಕಾಲರಿನಿಂದ ಇಳಿಯುತ್ತಿದ್ದ ಇಸ್ತ್ರಿಪೆಟ್ಟಿಗೆ ಎಡಜೇಬಿನ ಹತ್ತಿರ ಬಂದು ನಿಂತಿತು. ಖಾಕಿ ಅಂಗಿ ಎಲ್ಲ ಕಡೆ ಮಾಸಿತ್ತು. ಬ್ಯಾಡ್ಜು ಇದ್ದ ಜಾಗ ಮಾತ್ರ ಹೊಸ ಬಟ್ಟೆಯ ಹಾಗೆ ಗಾಢವಾಗಿತ್ತು.

"ಸುಟ್ಟುಹೋಗುತ್ತೆ ಅಕ್ಕಾ, ಎತ್ತಿ," ಎಂದಳು ಬಾಗಿಲಲ್ಲಿ ನಿಂತಿದ್ದ, ತೀರಿಕೊಂಡವರ ಮಗಳು.

ನಕ್ಷೆಯಮ್ಮ ಬೆಚ್ಚಿ ಕೈಯೆತ್ತಿದಳು. ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರದಲ್ಲಿ ಹದಿನೇಳು ವರ್ಷದಿಂದ ನಕ್ಷೆ, ಫಲಕ, ಮಕ್ಕಳ ಕೈಪಿಡಿ ಬರೆಯುತ್ತಿದ್ದುದರಿಂದ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಪಕ್ಕದ ಕೋಣೆಯಲ್ಲಿ ಮಲಗಿಸಿದ್ದವರು ಅದೇ ಉದ್ಯಾನದ ಗೈಡು. ಕೊನೆಯ ನಾಲ್ಕು ವರ್ಷ ಗೈಡು ಕೂಡ ಅಲ್ಲ, ವಾಹನ ನಿಲ್ಲಿಸುವ ಬಯಲಿನ ಕಾವಲುಗಾರ.

ಹೊರಗೆ ಕುರ್ಚಿಗಳಲ್ಲಿ ಕುಳಿತವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ಕಾಡಲ್ಲಿ ಸದ್ದು ಮಾಡಿದ್ರೆ ಯಾರನ್ನೂ ಬಿಡ್ತಿರಲಿಲ್ಲ ಪುಣ್ಯಾತ್ಮ," ಎಂದ ವ್ಯಾನಿನ ಚಾಲಕ. "ಮಂತ್ರಿಗಳ ಹೊಸ ಬೂಟು ಕಿರುಗುಟ್ತಿತ್ತು ಅಂತ ಬಿಚ್ಚಿಸಿ, ಬರಿಗಾಲಲ್ಲಿ ನಡೆಸಿದ್ದ."

"ಬೂಟು ಯಾರು ಹೊತ್ರು?"

"ಇನ್ಯಾರು, ನಾನೇ."

ಸಣ್ಣಗೆ ನಗು ಎದ್ದಿತು. ಉದ್ಯಾನದ ಸಾಹೇಬರೂ ನಕ್ಕು, ಆಮೇಲೆ ಗಂಭೀರರಾದರು. "ಬಂಗಾರದಂಥ ಮನುಷ್ಯ. ಆ ಒಂದು ತಪ್ಪು ಬಿಟ್ರೆ."

ಮಗಳು ಇಸ್ತ್ರಿಯಾದ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಒಳಗೆ ಹೋದಳು. ಸಾಹೇಬರು ನಕ್ಷೆಯಮ್ಮನ ಹತ್ತಿರ ಬಂದು, "ಮಣ್ಣು ಮಾಡೋ ಮುಂಚೆ ನಾನು ಎರಡು ಮಾತು ಹೇಳ್ಬೇಕಲ್ಲಮ್ಮ, ನೀವೇ ಬರೆದುಕೊಡಿ," ಎಂದರು.

*

ಮಗಳ ಕೆಲಸ ಉದ್ಯಾನದ ನೀರುನಾಯಿಗಳನ್ನು ಎಣಿಸುವುದು. ಮೂರು ವರ್ಷ ನದಿಯ ದಂಡೆ ಸುತ್ತಿದ ಮೇಲೆ, ಈಗ್ಗೆ ನಾಲ್ಕು ವರ್ಷದ ಹಿಂದೆ, ಮರಿ ಹಾಕಿದ ಬಿಲವೊಂದು ಅವಳಿಗೆ ಸಿಕ್ಕಿತು. ಅಂಥ ಜಾಗವನ್ನು ಹೊರಗೆ ಹೇಳಬಾರದೆಂಬುದು ನಿಯಮ. ಅಪ್ಪನೊಬ್ಬನಿಗೆ ಹೇಳಿದಳು. ಅಪ್ಪ ಸಂತೋಷ ತಡೆಯಲಾರದೆ ಊಟದ ಹೊತ್ತಿನಲ್ಲಿ ನಕ್ಷೆಯಮ್ಮನ ಮೇಜಿಗೆ ಬಂದರು.

"ಮೂರನೇ ತಿರುವು. ಬಿದ್ದ ಮರದ ಬೇರಿನ ಕೆಳಗೆ. ನಾಲ್ಕು ಮರಿ ಕಣಮ್ಮ, ನನ್ನ ಮಗಳು ಕಂಡಿದ್ದು. ನೀನು ಕೇಳಿಸ್ಕೊಂಡಿಲ್ಲ."

"ನಾನು ಹುಟ್ಟು ಕಿವುಡಿ," ಎಂದಿದ್ದಳು ಅವಳು.

ಆ ತಿಂಗಳು ಅವಳು ಮಕ್ಕಳಿಗಾಗಿ ಹೊಸ ನಕ್ಷೆ ಬರೆಯುತ್ತಿದ್ದಳು. "ಪ್ರಾಣಿಗಳನ್ನ ಎಲ್ಲಾದ್ರೂ ಇಡಿ, ಚೆಂದಕ್ಕೆ," ಎಂದಿದ್ದರು ಸಾಹೇಬರು. ಜಿಂಕೆಯನ್ನು ಮೂಲೆಯಲ್ಲಿಟ್ಟಳು, ಗೂಬೆಯನ್ನು ಹೆಸರಿನ ಮೇಲೆ ಕೂರಿಸಿದಳು. ನೀರುನಾಯಿಯ ಸರದಿ ಬಂದಾಗ, ಅದು ಇಲ್ಲದ ಕಡೆ ಬರೆಯಲು ಕೈ ಬರಲಿಲ್ಲ. ಇರುವ ಜಾಗ ಗೊತ್ತಿದ್ದೂ ತಪ್ಪು ಬರೆದರೆ ಅದೆಂಥ ನಕ್ಷೆ ಎನಿಸಿತು. ಉಗುರಿನಷ್ಟು ಚಿತ್ರ, ಯಾರು ಗಮನಿಸುತ್ತಾರೆ ಎಂದುಕೊಂಡಳು.

ರಜೆಯ ಮೊದಲ ಭಾನುವಾರ, ಒಬ್ಬ ತಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೈಯಲ್ಲಿ ಆ ನಕ್ಷೆ ಹಿಡಿದು, "ಒಂದು, ಎರಡು" ಎಂದು ನದಿಯ ತಿರುವು ಎಣಿಸುತ್ತ ಹೋಗುವುದನ್ನು ಕಂಡಳು. ಅವರ ಹಿಂದೆ ಇನ್ನೊಂದು ಕುಟುಂಬವಿತ್ತು. ವಾರ ಕಳೆಯುವುದರೊಳಗೆ ದಂಡೆಯ ಕೆಸರೆಲ್ಲ ಹೆಜ್ಜೆಯಾಗಿ, ಬಿಲ ಖಾಲಿಯಾಯಿತು. ಎರಡು ಮರಿ ಸತ್ತು ಸಿಕ್ಕವು.

"ಜಾಗ ಹೊರಗೆ ಹೋಗಿದ್ದು ಯಾರಿಂದ?" ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಕೇಳಿದರು.

"ನನ್ನ ಬಾಯಿಂದಲೇ ಸಾರ್," ಎಂದರು ಗೈಡು. ಯಾರಿಗೆ ಹೇಳಿದ್ದೆಂದು ಹೇಳಲಿಲ್ಲ. ಪ್ರವಾಸಿಗರ ಮುಂದೆ ಜಂಬ ಕೊಚ್ಚಿರಬೇಕೆಂದು ಎಲ್ಲರೂ ತಿಳಿದರು, ಮಗಳೂ. ಅವರ ಬ್ಯಾಡ್ಜು ಹೋಯಿತು, ವಾಹನ ನಿಲ್ಲಿಸುವ ಬಯಲಿನ ಕಾವಲು ಬಂತು. ನಕ್ಷೆಯಮ್ಮ ಮೂರು ಮಾರು ದೂರದಲ್ಲೇ ನಿಂತಿದ್ದಳು. ಮುಂದಿನ ಮುದ್ರಣದಲ್ಲಿ ನೀರುನಾಯಿಯನ್ನು ಒಂದು ಮೂಲೆಗೆ ಸರಿಸಿದಳು. ಯಾಕೆಂದು ಯಾರೂ ಕೇಳಲಿಲ್ಲ.

*

ಸ್ಮಶಾನದ ದಾರಿಯಲ್ಲಿ ಅವಳು ಮಗಳ ಪಕ್ಕದಲ್ಲೇ ನಡೆದಳು. ಸಾಹೇಬರಿಗೆಂದು ತಂದ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ.

"ನಿಮ್ಮಪ್ಪ ಪ್ರವಾಸಿಗರಿಗೆ ಹೇಳಲಿಲ್ಲಮ್ಮ. ನನಗೆ ಹೇಳಿದ್ರು. ನನಗೊಬ್ಬಳಿಗೇ."

ಮಗಳು ನಡೆಯುತ್ತಲೇ ಇದ್ದಳು. "ನೀವು ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಲಿಲ್ಲ. ಮಕ್ಕಳ ನಕ್ಷೇಲಿ ಬರೆದೆ, ಸರಿಯಾದ ಜಾಗದಲ್ಲೇ. ಜನ ಅದನ್ನ ನೋಡ್ಕೊಂಡೇ ಹೋಗಿದ್ದು. ನಾನು ಕಣ್ಣಾರೆ ಕಂಡೆ."

ಮಗಳು ನಿಂತುಬಿಟ್ಟಳು. ಹಿಂದಿನವರು ಅವರಿಬ್ಬರನ್ನು ಬಳಸಿಕೊಂಡು ಮುಂದೆ ಹೋದರು.

"ಮೊನ್ನೆ ಹೇಳಿದ್ರೂ ಆಗ್ತಿತ್ತಲ್ಲ ಅಕ್ಕಾ," ಎಂದಳು. "ಮೊನ್ನೆವರೆಗೂ ಇದ್ರು." ಮತ್ತೆ ಹೆಜ್ಜೆ ಹಾಕುತ್ತ, "ಒಂದೇ ಮನೇಲಿದ್ದು ನಾಲ್ಕು ವರ್ಷ ಅಪ್ಪಾ ಅಂತ ಕರೀಲಿಲ್ಲ ನಾನು. ಸಾಹೇಬ್ರು ಮಾತಾಡೋದು ಬೇಡ. ನೀವೇ ಮಾತಾಡಿ," ಎಂದಳು.

ನಕ್ಷೆಯಮ್ಮ ಮಾತಾಡಿದಳು. ಮೂರೋ ನಾಲ್ಕೋ ವಾಕ್ಯ ಅಷ್ಟೇ. ನಡುವೆ ಒಮ್ಮೆ ತಡವರಿಸಿ, ಅದೇ ವಾಕ್ಯವನ್ನು ಮೊದಲಿನಿಂದ ಹೇಳಬೇಕಾಯಿತು. ಸಾಹೇಬರು ಟೋಪಿ ತೆಗೆದು ಅದರೊಳಗೆ ನೋಡುತ್ತ ನಿಂತರು. ಚಾಲಕ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಪೆಟ್ಟಿಗೆ ಇಳಿಸಿದ ಮೇಲೆ ಮಗಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಳಗೆ ಬಗ್ಗಿ ಮಾತಾಡತೊಡಗಿದಳು. ಅಳುತ್ತಿರಲಿಲ್ಲ. ಕೆಲಸದಿಂದ ಬಂದವಳು ದಿನದ ಸುದ್ದಿ ಹೇಳುವ ಹಾಗೆ, ಕೈ ಆಡಿಸುತ್ತ, ಒಮ್ಮೊಮ್ಮೆ ಬೆರಳಿನಲ್ಲಿ ಲೆಕ್ಕ ಹಾಕುತ್ತ ಹೇಳುತ್ತಲೇ ಇದ್ದಳು. ಮಣ್ಣೆಳೆಯಲು ಬಂದ ಇಬ್ಬರು ಸನಿಕೆಯ ಹಿಡಿಗೆ ಗದ್ದ ಊರಿ ಕಾದರು. ಜನ ಒಬ್ಬೊಬ್ಬರಾಗಿ ಕಳಚಿಕೊಂಡರು. ಅವಳ ಮಾತು ಮುಗಿದಿರಲಿಲ್ಲ.

ಅವಳು ಏನು ಹೇಳಿದಳೆಂದು ಯಾರಿಗೂ ಕೇಳಿಸಲಿಲ್ಲ. ಕಾವಲಿನ ಆ ನಾಲ್ಕು ವರ್ಷ, ಬಂದ ಪ್ರತಿ ಕಾರಿನ ಕಿಟಕಿಗೂ ನಕ್ಷೆ ಚಾಚುತ್ತಿದ್ದವರು ಅವಳ ಅಪ್ಪನೇ. ಅದರಲ್ಲಿ ನೀರುನಾಯಿ ಜಾಗ ಬದಲಿಸಿದ್ದನ್ನು ಅವರು ಕಂಡಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.