ಬಚ್ಚಲ ಒಲೆ

ವಿನುತಾ ಕೋಲಿನಿಂದ ಬಚ್ಚಲ ಒಲೆಯ ಬೂದಿ ಎಳೆಯುವಾಗ ಮೀನಿನ ಮುಳ್ಳೊಂದು ಹೊರಗೆ ಬಂತು. ಅತ್ತೆಯ ಹೆಣ ಮೀಯಿಸಲು ನೀರು ಕಾಯಬೇಕಿತ್ತು. ಅವಳು ಅದನ್ನು ಬಿಟ್ಟು ಮತ್ತೆ ಕೆದಕಿದಳು. ಇನ್ನೊಂದು ಮುಳ್ಳು, ಅರ್ಧ ಸುಟ್ಟ ಬಂಗಡೆಯ ತಲೆ. ಮೂಸಿ ನೋಡಿದಳು. ಹಸಿಮೀನಲ್ಲ, ಉಪ್ಪು ಹಾಕಿ ಒಣಗಿಸಿದ್ದು.

ಈ ಮನೆಗೆ ಒಣಮೀನು ಬರುವುದನ್ನು ಅವಳೇ ನಿಲ್ಲಿಸಿದ್ದಳು.

"ನೀರು ಕಾಯ್ತಾ?" ಒಳಗಿಂದ ನಾದಿನಿ ನೀತಾ ಕೇಳಿದಳು. ಸುದ್ದಿ ತಿಳಿದು ನಸುಕಿಗೇ ಅಂಕೋಲೆಯಿಂದ ಬಂದಿದ್ದಳು.

"ಈಗ ಹಚ್ಚೂದು."

ಮುಳ್ಳುಗಳನ್ನು ಸೆರಗಿನ ತುದಿಗೆ ಗಂಟು ಹಾಕಿ, ಬೆಂಕಿ ಹೊತ್ತಿಸಿ ವಿನುತಾ ಒಳಗೆ ಹೋದಳು. ನೀತಾ ತಾಯಿಯ ಪಾದ ಒತ್ತಿ ನೋಡುತ್ತಿದ್ದಳು. ಹೆಬ್ಬೆರಳು ತೆಗೆದರೂ ಗುಳಿ ಹಾಗೇ ಉಳಿದಿತ್ತು.

"ಡಾಕ್ಟ್ರು ಉಪ್ಪು ಮುಟ್ಟಿಸ್ಬೇಡಿ ಅಂದಿದ್ರು. ಮುಟ್ಟಿಸ್ದೇ ಇಷ್ಟು ನೀರು ಎಲ್ಲಿಂದ ತುಂಬ್ತು?"

"ನಾ ಹಾಕ್ಲಿಲ್ಲ ನೀತಕ್ಕ."

"ಮತ್ತೆ ಗಂಜಿ ಬೇಯ್ಸಿದ್ದು ಯಾರು? ಆಯಿ ಎದ್ದು ಬೇಯ್ಸ್ಕಂಡ್ಲಾ?"

ಬಾಗಿಲಲ್ಲಿ ಕೂತಿದ್ದ ಹೆಂಗಸರು ಇತ್ತ ತಿರುಗಿದರು.

"ಮೊದ್ಲು ಕೆಲ್ಸ ಮುಗೀಲಿ," ಎಂದಳು ನೀತಾ. "ಆಮೇಲೆ ಎಲ್ಲರ ಎದುರಿಗೇ ಕೇಳ್ತೆ."

*

ಅತ್ತೆ ನಾಗಿ ಹರೆಯದಿಂದಲೂ ಕಾರವಾರದ ಪೇಟೆಯಲ್ಲಿ ಮೀನು ಮಾರಿದವಳು. ಈ ಸಲ ಮಳೆಗಾಲ ಮುಗಿಯುವಾಗ ಕಾಲು ಬಾತಿತು, ಉಸಿರು ಕಟ್ಟಿತು. ಹೃದಯ ದೊಡ್ಡದಾಗಿದೆ, ಉಪ್ಪು ಬಿಡಬೇಕು ಎಂದರು ಡಾಕ್ಟರು. ಉಪ್ಪಿಲ್ಲದ ಗಂಜಿಯ ಮೊದಲ ಗುಟುಕನ್ನೇ ಅವಳು ಬಟ್ಟಲಿಗೆ ಉಗಿದಳು.

"ಇದ್ನ ನಿನ್ ತವರಲ್ಲಿ ದನಕ್ಕೆ ಹಾಕ್ತ್ರಾ?"

ವಿನುತಾ ಬಿಡಲಿಲ್ಲ. ಕುಚಲಕ್ಕಿಯನ್ನು ಬೆಣ್ಣೆಯಂತೆ ಬೇಯಿಸಿ ಕಾಯಿಹಾಲು ಹಾಕಿದಳು. ಇನ್ನೊಂದು ದಿನ ಜೀರಿಗೆ ಅರೆದಳು, ಮುರುಗಲು ಹುಳಿ ಹಿಂಡಿದಳು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ನಾಗಿ ಗೋಡೆಯತ್ತ ತಿರುಗಿ ಮಲಗುತ್ತಿದ್ದಳು. ಮೈ ಇಳಿಯಿತು. ಸೊಸೆ ಹೊಟ್ಟೆಗೆ ಹಾಕುವುದಿಲ್ಲ ಎಂಬ ಮಾತು ದೇವಬಾಗದ ದಂಡೆಯುದ್ದಕ್ಕೂ ಹೋಯಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಟ್ಟಲು ಖಾಲಿಯಾಗಿತ್ತು. ಮರುದಿನವೂ.

"ಎಂತಾಯ್ತು ಅತ್ತೆ, ಇವತ್ತು ಸೇರ್ತಾ?"

"ನಿನ್ ಕೈ ಈಗ ಪಳಗ್ತು," ಎಂದು ನಾಗಿ ಬಾಯಿ ಒರೆಸಿಕೊಂಡಳು.

ಆ ಮಾತನ್ನು ವಿನುತಾ ಗಂಡ ಕಿಶನನಿಗೆ ಮತ್ತೆಮತ್ತೆ ಹೇಳಿದ್ದಳು. ತವರಿಗೂ ಫೋನು ಮಾಡಿ ಹೇಳಿದ್ದಳು.

*

ಹೆಣವಿರುವ ಮನೆಯಲ್ಲಿ ಅಡುಗೆ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ಬೇಬಿ ಗಂಜಿಯ ಪಾತ್ರೆ ಹಿಡಿದು ಹಿತ್ತಿಲಿನಿಂದ ಬಂದಳು. ಒಣಮೀನಿನ ವ್ಯಾಪಾರ ಅವಳದು. ವಿನುತಾ ಬಾವಿಯ ಹತ್ತಿರ ಅಡ್ಡ ನಿಂತು ಸೆರಗಿನ ಗಂಟು ಬಿಚ್ಚಿ ತೋರಿಸಿದಳು.

"ನಿಮ್ದೇ ಅಲ್ದಾ ಬೇಬಕ್ಕ ಇದು?"

ಬೇಬಿ ಪಾತ್ರೆ ಕೆಳಗಿಟ್ಟಳು. "ಮೀನು ನಂದೇ. ತಕಂಡ್ ಹೋದವ್ರು ಬೇರೆ."

"ಕದ್ದು ತಿನ್ಸಿದ್ದು ನೀವು. ಕೆಟ್ಟ ಹೆಸ್ರು ಮಾತ್ರ ನಂಗೆ."

"ನಿಮ್ಮನೆ ಹೊಸಿಲು ನಾ ಎಲ್ಲಿ ದಾಟಿದ್ದೆ ಮಾರಾಯ್ತಿ? ನನ್ನ ಮೈಯೇ ಮೀನು ನಾರ್ತದೆ, ಬರ್ಬೇಡ ಅಂದವ್ಳು ನೀನೇ." ಬೇಬಿ ಸ್ವರ ತಗ್ಗಿಸಿದಳು. "ನಸುಕಿಗೆ ನಿಮ್ಮ ಬಚ್ಚಲೊಲೆ ಹಚ್ಚೂದು ಯಾರು? ನೀನಾ?"

ಅವಳಲ್ಲ. ಕಿಶನನೂ ಅಲ್ಲ; ಅವನು ಕತ್ತಲಿರುವಾಗಲೇ ಕೈಗಾ ಸ್ಥಾವರದ ಕೆಲಸಕ್ಕೆ ಬಸ್ಸು ಹಿಡಿಯುತ್ತಿದ್ದ. ಒಲೆ ಹಚ್ಚುತ್ತಿದ್ದವನು ಮಾವ ಜಟ್ಟಪ್ಪ. 'ನೀ ಮಲ್ಕ, ನೀರು ನಾ ಕಾಯ್ಸ್ತೆ' ಎಂದು ದೀಪಾವಳಿಯ ಹೊತ್ತಿಗೆ ಶುರುಮಾಡಿದ್ದ. ಮುದುಕನಿಗೆ ತನ್ನ ಮೇಲೆ ಕನಿಕರ ಬಂತೆಂದು ಅವಳು ತಿಳಿದಿದ್ದಳು. ಅತ್ತೆಯ ಬಟ್ಟಲು ಖಾಲಿಯಾಗತೊಡಗಿದ್ದೂ ಆಗಲೇ.

ಮೀಯಿಸಿದ ಮೇಲೆ ಒಬ್ಬೊಬ್ಬರೇ ಬಂದು ನಾಗಿಯ ಬಾಯಿಗೆ ಅಕ್ಕಿ ಹಾಕಿದರು. ವಿನುತಾ ತಲೆದೆಸೆಯಲ್ಲಿ ಕೂತು ಗಲ್ಲ ಹಿಡಿದಿದ್ದಳು. ಕೊನೆಗೆ ಜಟ್ಟಪ್ಪನನ್ನು ಕಿಶನ ಹಿಡಿದು ತಂದ. ಅವನು ಹರಿವಾಣದಿಂದ ಅಕ್ಕಿ ತೆಗೆದುಕೊಂಡ. ಅದೇ ಕೈ ಅಂಗಿಯ ಕಿಸೆಗೂ ಹೋಗಿ ಬಂತು. ಅವನು ಬಗ್ಗಿ ಹಾಕುವಾಗ ಅಕ್ಕಿಯ ನಡುವೆ ಕಲ್ಲುಪ್ಪಿನ ಹರಳುಗಳು ವಿನುತಾಗೆ ಕಂಡವು. ಒಂದು ಹರಳು ತುಟಿಯಿಂದ ಜಾರಿ ನೆಲಕ್ಕೆ ಬಿತ್ತು.

ಮುದುಕ ತಲೆಯೆತ್ತಿ ಅವಳನ್ನು ನೋಡಿದ. ಸೆರಗಿನ ಗಂಟನ್ನೂ ನೋಡಿದ.

ಗಂಡಸರು ಹೆಣ ಎತ್ತಿಕೊಂಡು ದಂಡೆಯ ಕಡೆ ಹೋದರು. ಮನೆ ತೊಳೆಯಲು ನೀತಾ ಕೊಡಪಾನ ತಂದಳು. ಹೆಂಗಸರು ಹೋಗದೆ ಬಾಗಿಲಲ್ಲೇ ನಿಂತರು.

"ಈಗ ಹೇಳು. ಉಪ್ಪು ಕೊಟ್ಟದ್ದು ಯಾರು?"

ವಿನುತಾ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. ಬೇಬಿ ಅವಳ ಮುಖವನ್ನೇ ನೋಡುತ್ತಿದ್ದಳು.

"ನನ್ ಗಂಜಿ ಸಪ್ಪೆ ಇತ್ತು. ಅದ್ನೇ ಉಣ್ತಿದ್ರು ಅತ್ತೆ," ಎಂದಳು.

"ಸಪ್ಪೆ ಗಂಜಿ ಉಂಡೇ ಕಾಲು ಬಾತ್ತಾ?"

ಯಾರೋ 'ಹೂಂ' ಎಂದರು. ನೀತಾ ನೀರು ಸುರಿದು ಕಸಬರಿಗೆ ಹಿಡಿದು ಹತ್ತಿರ ಬಂದಳು.

"ಕಾಲು ತೆಗಿ. ಅಲ್ಲಿ ತೊಳೀಬೇಕು."

"ತಡೀರಿ ನೀತಕ್ಕ, ಇನ್ನೊಂದು ಚೂರು ನೀರು ಹಾಕಿ."

ಅಕ್ಕಿಕಾಳುಗಳು ನೀರಿನಲ್ಲಿ ತೇಲಿ ಹೊಸಿಲು ದಾಟಿದವು. ವಿನುತಾ ಅಂಗಾಲನ್ನು ಒತ್ತಿ ಹಿಡಿದೇ ನಿಂತಳು. ಕೆಳಗೆ ಚುಚ್ಚುತ್ತಿದ್ದ ಉಪ್ಪಿನ ಹರಳು ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಪೂರ್ತಿ ಕರಗಿದ ಮೇಲೆ ಕಾಲು ಎತ್ತಿದಳು.