ಸೀಟಿನ ಕೆಳಗಿನ ಹಿಡಿ

ಮರ್ವ್ ಬಕೆಟ್ಟಿನಲ್ಲಿ ಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದ.

"ಇದು ಪೆಟ್ರೋಲಲ್ಲ ಕಣೆ, ಬಾಗಿಲಿಗೆ ಬಳಿಯೋ ವಾರ್ನಿಶ್ಶು. ಬಣ್ಣ ಹೇಗಿದೆ?"

"ನೀನು ಮಾಡೋ ಟೀ ಥರ," ಎಂದಳು ಕಾರಿನಡಿಯಿಂದ ಥೆಲ್ಮಾ.

"ಹಾಗಾದ್ರೆ ಪೂರ್ತಿ ಕೆಟ್ಟಿದೆ."

ಆರು ವರ್ಷಗಳ ಹಿಂದೆ ಕಣ್ಣು ಮಂಜಾದಾಗ ಮರ್ವ್ ಕಾರನ್ನು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಅಂದಿನಿಂದ ಪೇಟೆಗೆ ಹೋಗಲೂ ಗಂಡಹೆಂಡತಿ ಯಾರನ್ನಾದರೂ ಕೇಳಬೇಕು. ಅರವತ್ತಮೂರನೆಯ ವಯಸ್ಸಿನಲ್ಲಿ ಥೆಲ್ಮಾ ಪಕ್ಕದ ಜಮೀನಿನ ಡೋರೀನಳ ಗಾಡಿಯಲ್ಲಿ ಡ್ರೈವಿಂಗ್ ಕಲಿತಳು. ಲೈಸೆನ್ಸಿನ ಅಧಿಕಾರಿ ಮೂರು ತಿಂಗಳಿಗೊಮ್ಮೆ ಪೇಟೆಗೆ ಬರುತ್ತಾನೆ. ಇಂದು ಎರಡು ಗಂಟೆಗೆ ಅವಳ ಪರೀಕ್ಷೆಯ ಸರದಿ. ಡೋರೀನಳ ಗಾಡಿಯೋ, ನಿನ್ನೆ ಕಾಂಗರೂಗೆ ಗುದ್ದಿ ಮೂತಿ ಜಜ್ಜಿಕೊಂಡಿತ್ತು.

ಬೆಳಗಿನಿಂದ ಅವನು ಹೇಳಿದ, ಅವಳು ಮಾಡಿದಳು. ಹಳೆಯ ಪೆಟ್ರೋಲು ಇಳಿಸಿ ಟ್ಯಾಂಕು ತೊಳೆದಳು, ಪೈಪಿಗೆ ಗಾಳಿ ಹೊಡೆದಳು, ಫಿಲ್ಟರ್ ಬದಲಾಯಿಸಿ ಹೊಸ ಪೆಟ್ರೋಲು ಸುರಿದಳು, ಡೋರೀನಳ ಗಾಡಿಯ ಬ್ಯಾಟರಿ ತಂದು ಕೂರಿಸಿದಳು. ಕಾರ್ಬ್ಯುರೇಟರ್ ಮಾತ್ರ ಅವನ ಪಾಲು. ಮೊಣಕಾಲ ಮೇಲೆ ಟವೆಲ್ ಹಾಸಿಕೊಂಡು, ಒಂದೊಂದು ತೂತನ್ನೂ ಬೆರಳಲ್ಲೇ ಹುಡುಕಿ, ಗಾಳದ ದಾರ ತೂರಿಸಿ ಅಂಟು ಬಿಡಿಸಿದ.

ಒಂದು ಗಂಟೆಗೆ ಥೆಲ್ಮಾ ಕೀಲಿ ತಿರುಗಿಸಿದಳು. ಎಂಜಿನ್ ಗರಗರ ಎಂದಿತು, ಕೆಮ್ಮಿತು, ನಿಂತಿತು. ಮತ್ತೆ ಮತ್ತೆ ಅಷ್ಟೇ.

ಮರ್ವ್ ಬಾನೆಟ್ಟಿನೊಳಗೆ ತಲೆ ತೂರಿಸಿ ಮೂಸಿದ. "ಮತ್ತೆ ವಾರ್ನಿಶ್ಶು! ಎಲ್ಲಿಂದ ಬರ್ತಿದೆ ಇದು?"

ಥೆಲ್ಮಾ ಬಗ್ಗಿ ಸೀಟಿನಡಿ ನೋಡಿದಳು. "ಮರ್ವ್, ಈ ಸೀಟಿನ ಕೆಳಗಿರೋ ಹಿಡಿ ಯಾತಕ್ಕೆ?"

"ಅದನ್ನ ಮುಟ್ಬೇಡ."

"ಮೂವತ್ತು ವರ್ಷದಿಂದ ಅದನ್ನೇ ಹೇಳ್ತಿದೀಯ. ಯಾತಕ್ಕೆ ಅಂತ ಕೇಳಿದ್ದು."

ಮರ್ವ್ ಹಣೆ ಚಚ್ಚಿಕೊಂಡ. ದೂರದ ದಾರಿಗೆ ಇರಲಿ ಎಂದು ತಾನೇ ಕೂರಿಸಿದ್ದ ಎರಡನೇ ಟ್ಯಾಂಕು! ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿ ಇನ್ನೂ ಆ ಕಡೆಗೇ ಇತ್ತು. ಇವರು ತೊಳೆದದ್ದು ಒಂದನ್ನು, ಎಂಜಿನ್ ಕುಡಿಯುತ್ತಿದ್ದದ್ದು ಇನ್ನೊಂದನ್ನು.

"ಥೆಲ್ಮಾ," ಎಂದ ಮೆಲ್ಲಗೆ, "ಅದನ್ನ ಮುಟ್ಟು."

"ಏನಂದೆ? ಕೇಳಿಸ್ಲಿಲ್ಲ."

"ಮುಟ್ಟೇ ಮಾರಾಯ್ತಿ! ಗಂಟೆ ನೋಡು!"

ನಗುತ್ತಲೇ ಅವಳು ಹಿಡಿ ತಿರುಗಿಸಿದಳು, ಕಾರ್ಬ್ಯುರೇಟರಿನಲ್ಲಿ ಉಳಿದಿದ್ದ ಕೊಳೆಯನ್ನು ಮತ್ತೆ ಬಸಿದಳು. ಒಂದೂಕಾಲಿಗೆ ಎಂಜಿನ್ ಗುಡುಗಿತು. ಶೆಡ್ಡಿನ ಮೇಲಿದ್ದ ಗುಲಾಬಿ ಬಣ್ಣದ ಗಿಳಿಗಳೆಲ್ಲ ಕಿರುಚಿಕೊಂಡು ಹಾರಿದವು. ಕಲಿಯುವವಳ ಪಕ್ಕ ಲೈಸೆನ್ಸ್ ಇದ್ದವರು ಕೂರಬೇಕು. ಡೋರೀನಳನ್ನು ಮುಂದೆ ಕೂರಿಸಿಕೊಂಡು, ಮರ್ವ್‌ನನ್ನು ಹಿಂದಕ್ಕೆ ತಳ್ಳಿ, ಥೆಲ್ಮಾ ಹೊರಟಳು.

"ಇಬ್ರೂ ಇಳೀಬೇಕು," ಎಂದ ಪೇಟೆಯಲ್ಲಿ ಕಾಯುತ್ತಿದ್ದ ಅಧಿಕಾರಿ.

"ನನ್ನ ಬಿಟ್ಟು ಇವಳು ಎಲ್ಲಿಗೂ ಹೋದವಳಲ್ಲ," ಎಂದ ಮರ್ವ್.

"ಇವತ್ತು ಹೋಗ್ತೀನಿ. ಇಳಿ."

ಕಾರು ಹೊರಟಿತು. "ಈಗ ಗೋಧಿ ಕಣಜದ ಹತ್ರ—" ಎಂದು ಡೋರೀನ್ ಶುರುಮಾಡಿದಳು.

"ಶ್! ಕೇಳಿಸ್ತಿದೆ."

ರೈಲು ಹಳಿಯ ಬಳಿ ಎಂಜಿನ್ ಸದ್ದು ತಗ್ಗಿತು. ಮತ್ತೆ ಏರಿತು. ಮರ್ವ್‌ನ ಎಡಗೈ ಗಾಳಿಯಲ್ಲಿ ತಾನಾಗಿ ಮುಂದಕ್ಕೆ ಸರಿಯಿತು. ಆ ಗಳಿಗೆಗೇ ದೂರದಲ್ಲಿ ಮೂರನೇ ಗೇರು ಬೆಣ್ಣೆಯಂತೆ ಬಿತ್ತು.

ಕಾಲು ಗಂಟೆಯ ಮೇಲೆ ಕಾರು ಬಂದು ನಿಂತಿತು. ಅಧಿಕಾರಿ ಲೈಸೆನ್ಸಿನ ಕಾಗದಕ್ಕೆ ಸಹಿ ಹಾಕಿ ಥೆಲ್ಮಾಳ ಕೈಗಿತ್ತು ಇಳಿದ. ಯಾರೂ ಹೇಳದೆಯೇ ಡೋರೀನ್ ಹಿಂದಿನ ಸೀಟಿಗೆ ಹೋಗಿ ಕೂತಳು. ಮುಂದಿನ ಎಡಬಾಗಿಲು ಮರ್ವ್‌ಗಾಗಿ ತೆರೆದೇ ಇತ್ತು.