ಬಿಸಿಲಿಗೆ ಉಣ್ಣೆ ಅಂಗಿ

ಚಟ್ ಎಂದಿತು ಕೆರೆ, ಮಂಜುಗಡ್ಡೆ ಬಿರಿದಿರಬೇಕು, ಅಲ್ಲ, ಇದು ಮಾನ್ವಿ, ತಲೆಯ ಮೇಲಿನ ತಗಡು ಕಾದ ಸದ್ದು, ಎಪ್ಪತ್ತೊಂಬತ್ತರ ಮಾರ್ಚ್ ತಿಂಗಳು, ಬಸ್ಸಮ್ಮ ಮಗಳಿಗೆ ದಪ್ಪ ಉಣ್ಣೆ ಅಂಗಿಯ ಗುಂಡಿ ಹಾಕುತ್ತಿದ್ದಾಳೆ, ನಾಲ್ಕು ತುಂಬಲಿರುವ ಸುಜಾತಾಳ ಮೂಗಿನ ಮೇಲೆ ಬೆವರು, ನಾಳೆ ರಾಯಚೂರು ಸ್ಟೇಶನ್, ಅಲ್ಲಿಂದ ಮುಂಬಯಿ, ಅಲ್ಲಿಂದ ವಿಮಾನ, ನಾರ್ವೆ — ಹತ್ತು ತಿಂಗಳ ಕೂಸನ್ನು ತಾಯಿ ಯಮನಮ್ಮನ ಮಡಿಲಿಗೆ ಹಾಕಿ ನರ್ಸ್ ಕೆಲಸಕ್ಕೆ ಹೋದವಳು ಮೂರು ವರ್ಷದ ಮೇಲೆ ಒಯ್ಯಲು ಬಂದಿದ್ದಾಳೆ, ಕೂಸು ಅಜ್ಜಿಯನ್ನೇ ಯವ್ವಾ ಎನ್ನುತ್ತದೆ, ಹೆತ್ತವಳನ್ನು ಏನೂ ಎನ್ನುವುದಿಲ್ಲ. ಅಲ್ಲಿ ಥಂಡಿ ಭಾಳ ಏನವಾ, ಯಮನಮ್ಮ ರೊಟ್ಟಿ ಬಡಿಯುತ್ತ ಕೇಳಿದ್ದಳು. ಬರೀ ಥಂಡಿಯಾದರೆ ತಡೆದುಕೊಳ್ಳಬಹುದು, ಆ ಹವೆಗೆ ಎರಡು ನಾಲಿಗೆ, ಬೆಳಿಗ್ಗೆ ಜಿಟಿಜಿಟಿ ಮಳೆ, ಮಧ್ಯಾಹ್ನ ಹಿಮ, ಸಂಜೆಗೆ ಹಿಮ ಕರಗಿ ನೀರು, ಆ ನೀರೇ ಕತ್ತಲಾಗುವಷ್ಟರಲ್ಲಿ ಗಾಜಾಗಿ ಕಾಲು ಮುರಿಯಲು ಕಾದಿರುತ್ತದೆ, ರೇಡಿಯೋದವರು ಮಳೆ ಎಂದರೆ ಹಿಮ, ಹಿಮ ಎಂದರೆ ಬಿರುಗಾಳಿ, ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡಿಹೋಗುವ ಊರಿನವಳು ತಾನು, ಅಲ್ಲಿಯ ಚಳಿಗೆ ಯಾವ ಶಿವರಾತ್ರಿ, ಮೊದಲ ವರ್ಷ ಸೀರೆ ಒಗೆದು ಹೊರಗೆ ಹರವಿದರೆ ಹಪ್ಪಳ, ಗೋಡೆಗೆ ಆನಿಸಿದರೆ ನಿಂತೇ ಇತ್ತು, ನಗಬೇಕೋ ಅಳಬೇಕೋ — ಆಮೇಲೆ ಆ ದಿನ, ಎಂಟು ದಿನ ಮೋಡ ಕವಿದು ಒಂಬತ್ತನೆಯ ದಿನ ಬಿಸಿಲು, ಎಂಥ ಬಿಸಿಲು, ಸಿರವಾರದ ಗದ್ದೆಯ ಬದುವಿನ ಮೇಲೆ ಬೀಳುವಂಥದೇ, ಬಿಸಿಲೆಂದರೆ ಕಾವು ಎಂದು ತಾಯಿಹಾಲಿನ ಜೊತೆಗೇ ಕಲಿತವಳು ದೊಡ್ಡ ಕೋಟನ್ನು ಗೂಟಕ್ಕೆ ಬಿಟ್ಟು ಸ್ವೆಟರಿನಲ್ಲೇ ಬಸ್ಸಿಗೆ ಹೊರಟಳು. ಮೋಡದ ದಿನ ಒಂದಿಷ್ಟು ಬೆಚ್ಚಗೆ, ಬಿಸಿಲು ಬಿದ್ದ ದಿನವೇ ಕೊಲ್ಲುವ ಚಳಿ, ಇದನ್ನು ಯಾರು ಹೇಳಬೇಕಿತ್ತು, ಹೇಳಿದರೂ ರಾಯಚೂರು ಸೀಮೆಯವರು ಯಾರು ನಂಬುತ್ತಿದ್ದರು, ಬಸ್ಸು ತಡ, ಬೆರಳು ಮೊದಲು ಚುಚ್ಚಿದವು, ಆಮೇಲೆ ಚುಚ್ಚುವುದನ್ನೂ ಬಿಟ್ಟವು, ಯಾರದೋ ಬೆರಳು, ತನ್ನವಲ್ಲ, ಅಲ್ಲಿ ನಿಂತಿದ್ದ ಮುದುಕಿಯೊಬ್ಬಳು ಬಯ್ಯುತ್ತಲೇ ತನ್ನ ಕೈಗವಸು ಬಿಚ್ಚಿ ಇವಳಿಗೆ ತೊಡಿಸಿದಳು, ಬೈಗುಳದ ಒಂದು ಅಕ್ಷರವೂ ತಿಳಿಯಲಿಲ್ಲ, ಅವ್ವನೇ ಬಯ್ದಂತಾಗಿ ಬಸ್ಸಮ್ಮ ಅತ್ತುಬಿಟ್ಟಳು.

ಅದಕ್ಕೇ ಮೂರು ದಿನದಿಂದ ಈ ಪಾಠ, ಬಿಸಿಲು ಬಿದ್ರ ಏನ ಮಾಡಬೇಕು ಸುಜಾತಾ, ಅಂಗಿ ಹಾಕ್ಕೋಬೇಕು, ಹಾಕ್ಕೊಳ್ಳಿಲ್ಲಂದ್ರ, ಥಂಡಿ ಹತ್ತತದ. ಯಮನಮ್ಮ ನಗುತ್ತಾಳೆ, ಬಿಸಿಲಿಗಿ ಯಾರರ ಉಣ್ಣಿ ಅಂಗಿ ಹಾಕ್ತಾರೇನು, ಕೂಸಿನ ತಲಿ ಕೆಡಸಬ್ಯಾಡ — ನಗು ನಿಲ್ಲಿಸಿ ಕೇಳುತ್ತಾಳೆ, ನೀನು, ತಾಯಣ್ಣ, ಗಂಡ ಹೇಣ್ತಿ ಇಬ್ಬರೂ ಡ್ಯೂಟಿಗಿ ಹೋದ್ರ ಕೂಸಿನ್ನ ಯಾರ ನೋಡ್ತಾರ. ಒಬ್ಬಾಕಿ ಅದಾಳ ಬೇ. ಆಕಿಗಿ ನಮ್ಮ ಮಾತು ಬರ್ತದೇನು. ಬರಂಗಿಲ್ಲ. ಯಮನಮ್ಮ ಶೇಂಗಾದ ಮೊರ ಎತ್ತಿಕೊಂಡು ಅಂಗಳಕ್ಕೆ ಹೋದಳು, ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು. ಬಿಟ್ಟು ಹೋಗಲೇ, ಇನ್ನೊಂದು ವರ್ಷ, ಆಗ ಕೂಸು ತನ್ನ ಮುಖವನ್ನೂ ಮರೆತಿರುತ್ತದೆ, ಒಯ್ಯಲೇ, ಆ ಮೋಸದ ಬಿಸಿಲು ಕಂಡು ಬರಿಮೈಯಲ್ಲಿ ಹೊರಗೆ ಓಡಿದರೆ, ಓಡಿಯೇ ಓಡುತ್ತದೆ, ಮಾನ್ವಿಯ ಕೂಸು ಬಿಸಿಲಿಗೆ ಹೆದರುತ್ತದೆಯೇ, ಹೆದರಿಕೆಯೆಲ್ಲ ತನಗೇ — ಪೆಟ್ಟಿಗೆ ಕಟ್ಟಲು ಒಳಗೆ ಹೋಗಿ ಬಂದರೆ ಕೂಸಿಲ್ಲ.

ಅಂಗಳದಲ್ಲಿದೆ, ನಡುಬಿಸಿಲಲ್ಲಿ, ಮೈಮೇಲೆ ಅಂಗಿ ಇಲ್ಲ, ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಹೊಡೆಯಲು ಕೈ ಎತ್ತಿದವಳು ಹಾಗೇ ನಿಂತಳು. ಅಂಗಿ ಕೂಸಿನ ಕೈಯಲ್ಲಿದೆ, ಶೇಂಗಾ ಸುಲಿಯುತ್ತ ಕುಳಿತ ಅಜ್ಜಿಯ ಮುಂದೆ ಹಿಡಿದು ನಿಂತಿದೆ, ಹಾಕ್ಕೋ ಯವ್ವಾ, ಬಿಸಿಲು ಬಿದ್ದದ, ನಾಳಿ ಅಲ್ಲಿ ಹೋದ್ರ ನಿನಗ ಥಂಡಿ ಹತ್ತತದ, ಈಕಿ ನಿನಗ ಅಂಗಿನ ತಂದಿಲ್ಲ. ಯಾರೂ ಹೇಳಿಲ್ಲ ಕೂಸಿಗೆ, ತಾನು ಹೇಳಿಲ್ಲ, ಅವ್ವನೂ ಹೇಳಿಲ್ಲ, ಎರಡೇ ಟಿಕೆಟು ಎಂದು, ಈಗಲೂ ಅವ್ವ ಹೇಳುವುದಿಲ್ಲ, ಹ್ಞೂಂ ತಾಯಿ ಹಾಕ್ಕೋತೀನಿ ಎಂದು ಕೈ ತೂರಿಸುತ್ತಿದ್ದಾಳೆ, ಮಣಿಕಟ್ಟಿನ ಹತ್ತಿರ ಬಳೆ ಅಡ್ಡ ಬಂತು, ಕೂಸು ಎರಡೂ ಕೈಯಲ್ಲಿ ಎಳೆಯುತ್ತಿದೆ, ಏರುವುದಿಲ್ಲ, ಅವ್ವನ ಕೈ, ಅಂಗಿಯ ಆ ಪುಟ್ಟ ತೋಳಿನೊಳಗೆ ಸಿಕ್ಕಿಕೊಂಡ ಅವ್ವನ ಕೈ, ಮುಂದೆ ಹೋಗದು, ಹಿಂದೆ ಬಾರದು, ಅವ್ವನ ಕೈ